ಭಂಕೂರದ ಖಣಿಯಲ್ಲಿ ಕಲಿತ ಸಮುದ್ರದ ಗಾಳ

ತಪ್ಪಾಯಿತು ಎಂದು ಹೇಳುವುದಕ್ಕೆ ಎರಡು ಕ್ಷಣ ಸಾಕು. ಅದನ್ನು ಹೇಳುವುದು ತಪ್ಪಲಿ ಎಂದು ನಾನು ನಲವತ್ತು ದಿನ ಗಾಳ ಎಸೆಯುವುದನ್ನು ಕಲಿತೆ. ನನ್ನ ಬುದ್ಧಿ ಇಂಥದ್ದು.

ಶಹಾಬಾದದಲ್ಲಿ ನಾನು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಳತೆ ನೋಡುವವನು. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಹೇಳುತ್ತೇನೆಂದು ವಿಪರೀತ ಜಂಬ. ಮೂರು ವರ್ಷದ ಹಿಂದೆ ಚಿತ್ತಾಪುರದ ಒಂದು ಮನೆಗೆ ಹೋದ ಕಲ್ಲುಗಳೆಲ್ಲ ನಾಲ್ಕು ಬೆರಳು ಗಿಡ್ಡವಾದವು. ಅಳತೆ ತಪ್ಪಿ ಹೇಳಿದ್ದು ನಾನು. ಕಲ್ಲಿನ ಅಂಚು ಕಡಿಯುವ ತಾಹಿರ್ ಮೇಲೆ ಎಲ್ಲರೆದುರು ಕೂಗಾಡಿದ್ದೂ ನಾನೇ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದ ಗೆಳೆಯ ಉಳಿ ಕೆಳಗಿಟ್ಟು, ಕಾರವಾರದಲ್ಲಿರುವ ತಂಗಿ ರಶೀದಾಬೇಗಂ ಮನೆಗೆ ಹೊರಟುಹೋದ. ಅಂದಿನಿಂದ ಮಾತಿಲ್ಲ.

ಮಾತಿಲ್ಲದಿದ್ದರೂ ಮೊಬೈಲಿನಲ್ಲಿ ಅವನ ಸ್ಟೇಟಸ್ ಕದ್ದು ನೋಡುತ್ತಿದ್ದೆ. ಯಾರು ನೋಡಿದರೆಂಬುದು ಅವನಿಗೂ ಕಾಣುತ್ತದೆ ಎಂದು ಗೊತ್ತಾಗಿದ್ದು ಬಹಳ ತಡವಾಗಿ. ದಂಡೆಯಲ್ಲಿ ನಿಂತು ಸಮುದ್ರಕ್ಕೆ ಗಾಳ ಎಸೆಯುವುದೇ ಈಗ ಅವನ ಹುಚ್ಚು. ದಾರಕ್ಕೆ ನಿಂಬೆಹಣ್ಣಿನಷ್ಟು ದೊಡ್ಡ ಪ್ಲಾಸ್ಟಿಕ್ ಗುಳ್ಳೆ. ಒಳಗೆ ಸ್ವಲ್ಪ ನೀರು ತುಂಬಿದರೆ ಆ ಭಾರಕ್ಕೆ ಗಾಳ ದೂರ ಹೋಗುತ್ತದೆ, ತೇಲುತ್ತಲೂ ಇರುತ್ತದೆ. ಇದನ್ನು ಕಲಿತು ಅವನ ಪಕ್ಕ ನಿಂತರೆ ಮಾತು ತಾನಾಗಿ ಬಂದೀತು, ತಪ್ಪಾಯಿತು ಎನ್ನದೆಯೇ ಎಲ್ಲ ಸರಿಹೋದೀತು ಎಂದುಕೊಂಡೆ.

ಹೆಂಡತಿ ಲಲಿತಾಬಾಯಿ ಗಾಳವನ್ನೊಮ್ಮೆ, ನನ್ನ ಕೊರಳಿನ ಲಿಂಗದ ಕರಡಿಗೆಯನ್ನೊಮ್ಮೆ ನೋಡಿದಳು. "ತತ್ತಿ ವಾಸನಿಗೆ ಓಣಿ ದಾಟಿ ಓಡೋರು ನೀವು. ಫೋನ್ ಹಚ್ಚಿ ತಪ್ಪಾತು ಅಂದ್ರ ಮುಗೀತಲ್ಲ," ಎಂದಳು. ಅಂಥ ಮಾತು ಫೋನಿನಲ್ಲಿ ಆಡುವುದಲ್ಲ ಎಂದು ಗಂಭೀರವಾಗಿ ಹೇಳಿದೆ.

ದಿನಾ ಬೆಳಿಗ್ಗೆ ಭಂಕೂರದ ಹಳೆಯ ಖಣಿಗೆ ಹೋದೆ. ಕಲ್ಲು ತೆಗೆದ ಹೊಂಡದಲ್ಲಿ ನೀರು ನಿಂತಿತ್ತು. ಕಲ್ಲಿನ ಊರವನು, ಭಾರ ಹೆಚ್ಚಾದಷ್ಟೂ ಒಳ್ಳೆಯದೆಂದು ಗುಳ್ಳೆಯ ತುಂಬ ನೀರು ತುಂಬಿದೆ. ದೂರವೇನೋ ಹೋಯಿತು, ಮುಳುಗಿ ಮೇಲೇಳಲೇ ಇಲ್ಲ. ಎರಡನೆಯದು ದಾರಕ್ಕೆ ಸಿಕ್ಕ ನನ್ನ ಟೊಪ್ಪಿಗೆಯನ್ನೂ ಕರೆದುಕೊಂಡು ಹೋಯಿತು. ಕೊಕ್ಕೆಯನ್ನಂತೂ ಕಟ್ಟಲೇ ಇಲ್ಲ. ಮೀನು ಸಿಕ್ಕಿದರೆ ಮುಟ್ಟುವವರು ಯಾರು? ನಲವತ್ತನೆಯ ದಿನ ಗುಳ್ಳೆ ಎದುರು ದಂಡೆ ಮುಟ್ಟಿತು. ಕಣ್ಣಳತೆಯಲ್ಲಿ ನೂರು ಅಡಿ. ನನ್ನ ಕಣ್ಣಳತೆಯ ಬಗ್ಗೆ ಆಗಲೇ ಹೇಳಿದ್ದೇನೆ.

ಕಾರವಾರದ ದಂಡೆಯಲ್ಲಿ ತಾಹಿರ್ ನನ್ನನ್ನು ನೋಡಿದ, ನನ್ನ ಗಾಳ ನೋಡಿದ, ಸರಿದು ಜಾಗ ಕೊಟ್ಟ. ಎಸೆದೆ. ಸಮುದ್ರಕ್ಕೆ ಅಲೆ ಇರುತ್ತದೆಂಬುದು ನಲವತ್ತು ದಿನವೂ ನನಗೆ ಹೊಳೆದಿರಲಿಲ್ಲ. ಗುಳ್ಳೆ ಅಲೆಯೇರಿ ಬಂದು ನನ್ನ ಕಾಲಿಗೇ ಬಡಿಯಿತು. ಮತ್ತೆ ಎಸೆದೆ, ಮತ್ತೆ ಬಂತು. ಐದನೆಯ ಸಲ ತಾಹಿರ್ ಅದನ್ನು ಎತ್ತಿಕೊಂಡು, ಬಿರಡೆ ತೆಗೆದು ಇನ್ನಷ್ಟು ನೀರು ತುಂಬಿದ. ಆಮೇಲೆ ದಾರದ ತುದಿಯಲ್ಲಿ ಕೊಕ್ಕೆ ಹುಡುಕಿದ. ಇಲ್ಲ. ನಾನು ಮೀನಿಗಾಗಿ ಬಂದವನಲ್ಲ ಎಂದು ಅವನಿಗೆ ತಿಳಿದುಹೋಯಿತು. ನನಗೆ ಹೆದರಿಕೆಯಾಯಿತು, ಇವನು ಈಗ ತಿರುಗಿ ನಡೆದರೆ ಈ ಜನ್ಮಕ್ಕೆ ಇನ್ನೊಬ್ಬ ಗೆಳೆಯ ಸಿಗುವುದಿಲ್ಲ.

"ಅಳತಿ ತಪ್ಪಿ ಹೇಳಿದಾಂವ ನಾನೇ. ನಂದ ತಪ್ಪಾತು," ಎಂದೆ, ಸಣ್ಣ ದನಿಯಲ್ಲಿ.

ಅಲೆಯ ಸದ್ದಿಗೆ ಕೇಳಿಸಲಿಲ್ಲವೆಂದು ಅವನು ಕಿವಿಗೆ ಕೈ ಹಚ್ಚಿ ಸನ್ನೆ ಮಾಡಿದ. ಇನ್ನೊಮ್ಮೆ ಹೇಳಿದೆ. ಮತ್ತೆ ಕಿವಿಗೆ ಕೈ. ಕೊನೆಗೆ ಗಂಟಲು ಹರಿಯುವಂತೆ ಕೂಗಿದೆ. ದಂಡೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಐಸ್‌ಕ್ರೀಮ್ ತಿನ್ನುತ್ತಿದ್ದ ಕುಟುಂಬವೊಂದು ತಿನ್ನುವುದನ್ನೇ ನಿಲ್ಲಿಸಿತು.

ತಾಹಿರ್ ತೋಳಿನಿಂದ ಕಣ್ಣು ಒರೆಸಿಕೊಂಡ.

"ಮೊದಲನೇ ಸಲಾನೇ ಕೇಳಿಸಿತ್ತು ಸಿದ್ಧಲಿಂಗ," ಎಂದ. "ಕೇಳಲಾಕ ಭಾಳ ಚಲೋ ಅನಿಸ್ತು, ಅದಕ್ಕ ಕಿವಿಗೆ ಕೈ ಹಚ್ಚಿದೆ."