ಸುಟ್ಟ ಮನೆಯ ಇಸ್ತ್ರಿ ಪೆಟ್ಟಿಗೆ

ನಾನು ಒಂದು ಇಸ್ತ್ರಿ ಪೆಟ್ಟಿಗೆ. ಎಲ್ಲೋ ದೂರದ ಕಾರ್ಖಾನೆಯಲ್ಲಿ ನನ್ನ ತಳಕ್ಕೆ ಹೊಳಪು ಕೊಟ್ಟರು, ಹೊಟ್ಟೆಯೊಳಗೆ ಸುರುಳಿ ಕೂರಿಸಿದರು, ಬೆನ್ನಿಗೆ ಕರಿಯ ಹಿಡಿ ಬಿಗಿದರು. ಮೊದಲ ಸಲ ನನ್ನ ಮೈ ಬಿಸಿಯಾದಾಗ ಒಬ್ಬ ಹುಡುಗಿ ನೀರು ಚಿಮುಕಿಸಿ, ಹನಿ ಚುಂಯ್ ಎಂದು ಹಾರಿಹೋದದ್ದನ್ನು ನೋಡಿ, ಸಮಾಧಾನದಿಂದ ಡಬ್ಬಿಗೆ ಹಾಕಿದಳು.

ಗದಗಿನ ಅಂಗಡಿಯಲ್ಲಿ ನನ್ನನ್ನು ಕೊಂಡವರು ಸುವರ್ಣಾ ಎಂಬ ನರ್ಸ್. ಅವರ ಬಿಳಿ ಸಮವಸ್ತ್ರವೆಂದರೆ ನನಗೆ ಅಂಜಿಕೆ. ಒಂದಿಷ್ಟು ಹೆಚ್ಚು ಹೊತ್ತು ನಿಂತರೂ ಕಂದು ಕಲೆ. ಬಳ್ಳಾರಿಗೆ ವರ್ಗವಾದಾಗ ನನ್ನನ್ನು ತಂಗಿ ಶಿವಲೀಲಾಳಿಗೆ ಕೊಟ್ಟು ಹೋದರು. ಶಿವಲೀಲಾಳ ಗಂಡ ಈರಬಸಪ್ಪ ಬಸ್ ಕಂಡಕ್ಟರ್. ಅಂದಿನಿಂದ ನನ್ನ ಪಾಲಿಗೆ ಖಾಕಿ ಅಂಗಿ ಬಂತು. ಬ್ಯಾಂಕಿನ ಸಾಲದಲ್ಲಿ ಕಟ್ಟಿದ ಅವರ ಪುಟ್ಟ ಮನೆಗೆ ವಿಮೆಯೂ ಇತ್ತು. ನಡುಮನೆಯಲ್ಲಿ ಫ್ರಿಜ್ಜು, ಅದರ ಪಕ್ಕದ ಮರದ ಮೇಜಿನ ಮೇಲೆ ನಾನು.

ಆ ಭಾನುವಾರ ಗಂಡ ಹೆಂಡತಿ ನರಗುಂದಕ್ಕೆ ನಾಮಕರಣಕ್ಕೆ ಹೊರಟಿದ್ದರು. ಬಸ್ಸಿಗೆ ಹೊತ್ತಾಗುತ್ತದೆಂದು ಈರಬಸಪ್ಪ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಶಿವಲೀಲಾ ಅವನ ಅಂಗಿಗೆ ನನ್ನನ್ನು ಬೇಗ ಬೇಗ ಆಡಿಸಿ, ಪ್ಲಗ್ ಕಿತ್ತು, ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಓಡಿದಳು. ಬೀಗ ಬಿತ್ತು.

ಮಧ್ಯಾಹ್ನ ಕರೆಂಟು ಹೋಗಿ ಬಂತು, ಮತ್ತೆ ಹೋಗಿ ಬಂತು. ಫ್ರಿಜ್ಜಿನ ಹಿಂದೆ ಚಟಚಟ ಸದ್ದು. ಒಂದು ಕಿಡಿ. ಕಿಟಕಿಯ ಪರದೆ ಹತ್ತಿಕೊಂಡಿತು. ಬಿಸಿಯೆಂದರೇನು ಎಂದು ನಾನು ಬಲ್ಲೆ, ಆದರೆ ಆ ಬಿಸಿ ನನ್ನದಲ್ಲ. ಮೇಜು ಉರಿದು ಕುಸಿಯಿತು. ನಾನು ನೆಲಕ್ಕೆ ಬಿದ್ದೆ, ನನ್ನ ಹಿಡಿ ಕರಗಿ ಸೋರಿತು. ಅಗ್ನಿಶಾಮಕದವರು ಬಾಗಿಲು ಒಡೆಯುವಷ್ಟರಲ್ಲಿ ನಡುಮನೆ ಕರಿಯ ಗವಿಯಾಗಿತ್ತು.

ಅದೇ ಓಣಿಯಲ್ಲಿ ಹಿರಿಯ ಮಗನ ಮನೆಯಲ್ಲಿದ್ದ ಈರಬಸಪ್ಪನ ತಾಯಿ ನೀಲವ್ವ ಬೂದಿಯಲ್ಲಿ ನನ್ನನ್ನು ಕಂಡು ಹಣೆ ಬಡಿದುಕೊಂಡಳು.

“ಗಡಿಬಿಡ್ಯಾಗ ಇಸ್ತ್ರಿ ಬಂದ್ ಮಾಡೋದ ಮರತಾಳ ನೋಡ್ರಿ! ಇದ್ದೊಂದು ಮನಿ ಸುಟ್ಟು ಕುಂತ್ಲು!”

“ಇಲ್ಲತ್ತಿ, ನಾ ಪ್ಲಗ್ ಕಿತ್ತೀನಿ,” ಅಂದಳು ಆಗಷ್ಟೇ ನರಗುಂದದಿಂದ ಓಡಿಬಂದ ಶಿವಲೀಲಾ.

ಆದರೆ ಓಣಿಯ ಬಾಯಿಗೆ ಇಸ್ತ್ರಿಯ ಕಥೆಯೇ ರುಚಿಸಿತು. ಮರುದಿನ ಯಾರೋ ಕೇಳಿದಾಗ ಅವಳು, “ಕಿತ್ತೀನಿ ಅನಸ್ತೈತಿ” ಅಂದಳು. ಅದರ ಮರುದಿನ ಏನೂ ಅನ್ನಲಿಲ್ಲ. ನನಗೆ ಗೊತ್ತಿತ್ತು. ಹೇಳಲು ನನಗೆ ಬಾಯಿರಲಿಲ್ಲ.

ವಿಮಾ ಕಂಪನಿಗೆ ಫೋನ್ ಮಾಡಿದವಳೂ ಅವಳೇ. ನಷ್ಟದ ಲೆಕ್ಕ ಹಾಕುವ ಸರ್ವೇಯರ್ ಬಂದು ನೋಡುವವರೆಗೆ ಏನನ್ನೂ ಕದಲಿಸಬಾರದು ಎಂದು ಅತ್ತಲಿಂದ ಹೇಳಿದರು. ಸರ್ವೇಯರ್ ಬರುವ ದಿನ ಬೆಳಿಗ್ಗೆ ಈರಬಸಪ್ಪ ಗೋಣಿಚೀಲ ಹಿಡಿದು ಬಂದ. ಅತ್ತಿತ್ತ ನೋಡಿ ನನ್ನನ್ನು ವೈರಿನ ಸಮೇತ ಎತ್ತಿ ಚೀಲಕ್ಕೆ ತುಂಬಿದ. ಚೀಲದ ಕತ್ತಲೆಯಲ್ಲಿ ನಾನು ತೂಗಾಡಿದೆ. ನಾನೇ ಇಲ್ಲವಾದರೆ ಅವಳ ಪರ ಇನ್ನಾರು?

“ಎಲ್ಲಿಗೆ ಒಯ್ಯಾಕತ್ತೀರಿ?” ಶಿವಲೀಲಾಳ ದನಿ.

“ಹಳ್ಳಕ್ಕ ಒಗದು ಬರ್ತೇನಿ. ಇದು ಅವರ ಕಣ್ಣಿಗೆ ಬಿದ್ರ ಕ್ಲೇಮ್ ಹೋತು. ಮನ್ಯಾಗ ಇಸ್ತ್ರಿನ ಇರಲಿಲ್ಲ ಅಂತ ಹೇಳೂಣು.”

“ಇದ್ದಲ್ಲೇ ಇಡ್ರಿ.”

“ನಿನ್ನ ಸಲುವಾಗಿನ ಮಾಡಾಕತ್ತೇನಿ.”

“ನಾ ಪ್ಲಗ್ ಕಿತ್ತೀನಿ ಅಂತ ನೀವು ನಂಬಿದ್ರ, ಇದನ್ನ ಒಗಿಯಾಕ ಹೊಂಟಿರ್ತಿದ್ರೇನು?”

ಹೊರಗೆ ಸ್ಕೂಟರ್ ನಿಂತ ಸದ್ದು. ಶಿವಲೀಲಾ ಚೀಲ ಕಸಿದುಕೊಂಡು ನನ್ನನ್ನು ಮೊದಲಿದ್ದ ಬೂದಿಯಲ್ಲೇ ಇಟ್ಟಳು.

ಬಂದವರು ಮೆಹರುನ್ನಿಸಾ ಮೇಡಂ, ಹುಬ್ಬಳ್ಳಿಯ ಸರ್ವೇಯರ್. ಫೋಟೋ ತೆಗೆಯುತ್ತ ನನ್ನ ಮುಂದೆ ಬಂದು ನಿಂತರು.

“ಅವತ್ತು ಇಸ್ತ್ರಿ ಮಾಡಿದ್ರೇನು?”

“ಹೌದ್ರಿ,” ಅಂದಳು ಶಿವಲೀಲಾ. “ಪ್ಲಗ್ ಕಿತ್ತೀನಿ ಅಂತ ನನ್ನ ಮನಸ್ಸು ಹೇಳ್ತೈತಿ. ಆಣಿ ಮಾಡಂದ್ರ ಮಾಡಾಕಾಗಂಗಿಲ್ರಿ. ಈಗ ಸ್ವಲ್ಪ ಮದಲ ಇವರು ಇದನ್ನ ಎತ್ತಿದ್ರು, ನಾ ತಿರುಗಿ ಇಟ್ಟೆ. ಅದೂ ನಿಮಗ ಗೊತ್ತಿರ್ಲಿ.”

ಈರಬಸಪ್ಪ ಕಣ್ಣು ಮುಚ್ಚಿಕೊಂಡ.

ಮೇಡಂ ಕುಕ್ಕರುಗಾಲಲ್ಲಿ ಕೂತು ನನ್ನ ವೈರಿನ ತುದಿ ಹಿಡಿದರು. ಪ್ಲಗ್ಗಿನ ಪ್ಲಾಸ್ಟಿಕ್ ಕರಗಿ, ಹಿತ್ತಾಳೆಯ ಕಾಲುಗಳು ಮಾತ್ರ ಉಳಿದಿದ್ದವು. ಅವನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದರು.

“ಬುಡದ ಮಟಾ ಮಸಿ ಕೂತೈತಿ. ಸಾಕೆಟ್ಟಿನೊಳಗ ಇದ್ದಿದ್ರ ಇಷ್ಟು ಮಸಿ ಕೂಡ್ತಿರಲಿಲ್ಲ. ನೀವು ಕಿತ್ತೀರಿ, ಅಕ್ಕಾರ.”

ಶಿವಲೀಲಾ ಗೋಡೆಗೆ ಕೈ ಆನಿಸಿದಳು.

ಮೇಡಂ ಫ್ರಿಜ್ಜಿನ ಹಿಂದೆ ಬಗ್ಗಿದರು. ಅಲ್ಲಿ ಎರಡು ವೈರು ಕೂಡಿಸಿದ ಜಾಗದಲ್ಲಿ ತಾಮ್ರ ಕರಗಿ ಮಣಿಗಟ್ಟಿತ್ತು. “ಇಲ್ಲಿಂದ ಹತ್ತೈತಿ. ಈ ಜೋಡಣಿ ಯಾರು ಮಾಡಿದ್ದು?”

ಶಿವಲೀಲಾ ಗಂಡನ ಕಡೆಗೆ ತಿರುಗಲಿಲ್ಲ.

“ನಾನ್ರಿ,” ಅಂದ ಈರಬಸಪ್ಪ. “ವೈರು ಗಿಡ್ಡಾಗಿತ್ತು, ಟೇಪ್ ಸುತ್ತಿದ್ದೆ. ಕ್ಲೇಮ್ ಹೋತೇನ್ರಿ?”

“ಅಚಾತುರ್ಯಕ್ಕ ವಿಮಾ ಐತಿ. ಅಕ್ಕಾರು ಇಸ್ತ್ರಿ ಮರತಿದ್ರೂ ನಾ ಹಂಗ ಬರೀತಿದ್ದೆ. ಆದ್ರ ನೀವು ಅದನ್ನ ಮುಚ್ಚಿಟ್ಟಿದ್ರ ಮಾತ್ರ ಎಲ್ಲಾ ಕೈ ಬಿಡ್ತಿತ್ತು.”

ಅವರು ಹೊರಟೊಡನೆ ನೀಲವ್ವ ಓಣಿಯ ಹೆಂಗಸರೊಂದಿಗೆ ಬಾಗಿಲಿಗೆ ಬಂದಳು. “ಏನಂದ್ರೋ? ಇಸ್ತ್ರಿನ ಅಲ್ಲೇನು?”

“ಅಲ್ಲಬೇ. ನಾ ಸುತ್ತಿದ್ದ ವೈರು. ಮನಿ ಸುಟ್ಟಾಂವ ನಾನು,” ಅಂದ ಈರಬಸಪ್ಪ, ಎಲ್ಲರಿಗೂ ಕೇಳುವಂತೆ.

ಬೆಂಕಿ ಬಿದ್ದ ಮೇಲೆ ಶಿವಲೀಲಾ ಮೊದಲ ಬಾರಿಗೆ ಹೊಸ್ತಿಲಲ್ಲಿ ಕೂತು ಅತ್ತಳು.

ಪರಿಹಾರ ಬಂತು. ಗೋಡೆಗೆ ಹೊಸ ಗಿಲಾವು, ಗೋಡೆಯೊಳಗೆ ಹೊಸ ವೈರು, ಹೊಸ ಇಸ್ತ್ರಿ ಎಲ್ಲ ಬಂದವು. ನಾನೀಗ ಗುಜರಿ ಅಂಗಡಿಯ ಮೂಲೆಯಲ್ಲಿ ಮುರಿದ ಫ್ಯಾನುಗಳ ಸಂಗಡ ಬಿದ್ದಿದ್ದೇನೆ. ಸುಟ್ಟ ಸಾಮಾನಿಗೆಲ್ಲ ಕಂಪನಿ ಬೆಲೆ ಕಟ್ಟಿತು. ಒಬ್ಬ ಹೆಂಗಸು ತನ್ನ ನೆನಪನ್ನೇ ನಂಬಲಾರದೆ ಕಳೆದ ದಿನಗಳಿಗೆ ಬೆಲೆ ಕಟ್ಟುವ ಸರ್ವೇಯರ್ ಎಲ್ಲಿದ್ದಾರೋ ಕಾಣೆ.

ಗುಜರಿಯವನಿಗಾಗಿ ಕಂಪೌಂಡಿನ ಮೇಲೆ ಕಾಯುತ್ತಿದ್ದ ದಿನಗಳಲ್ಲಿ ಒಂದು ಸಂಗತಿ ನೋಡಿದೆ. ಊರಿಗೆ ಹೊರಡುವಾಗ ಶಿವಲೀಲಾ ಬೀಗ ಹಾಕುವಳು. ಮತ್ತೆ ಬೀಗ ತೆಗೆದು ಒಳಗೆ ಹೋಗಿ, ಪ್ಲಗ್ ಮುಟ್ಟಿ ನೋಡಿ ಬರುವಳು. ಒಮ್ಮೊಮ್ಮೆ ಮತ್ತೂ ಒಂದು ಸಲ. ಈರಬಸಪ್ಪ ಕೈಚೀಲ ಹಿಡಿದು ಬೀದಿಯಲ್ಲಿ ನಿಂತಿರುತ್ತಿದ್ದ. ಬಸ್ಸು ತಪ್ಪುತ್ತಿತ್ತು. ಅವನು ಕೂಗುತ್ತಿರಲಿಲ್ಲ.