ನಕ್ಷತ್ರ ಹಾಕುವ ಟೈಪಿಂಗ್ ಅಕ್ಕ

ಆಕೆ ನನ್ನ ಮೊದಲ ಕಾದಂಬರಿಯ ಮೊದಲ ಅಭಿಮಾನಿ ಎಂದು ನಾನು ಪೂರ್ತಿ ಒಂದು ದಿನ ನಂಬಿದ್ದೆ. ನಾಲ್ಕು ವರ್ಷ ತಪಸ್ಸಿನಂತೆ ಬರೆದ ನಾನೂರು ಪುಟಗಳನ್ನು ಟೈಪ್ ಮಾಡಿ ಆಕೆ ಹಿಂದಿರುಗಿಸಿದಾಗ, ನನ್ನ ಹಸ್ತಪ್ರತಿಯ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಪುಟ್ಟ ನಕ್ಷತ್ರಗಳಿದ್ದವು. ಎಣಿಸಿದೆ, ನಲವತ್ತೊಂದು. ನಾಯಕನು ನದೀತೀರದಲ್ಲಿ ಕುಳಿತು ಜೀವನದ ಅರ್ಥವನ್ನು ಕುರಿತು ಚಿಂತಿಸುವ ಒಂದೇ ಪುಟದಲ್ಲಿ ಮೂರು! ಹೆಂಡತಿಯನ್ನು ಕರೆದು, “ನೋಡೇ, ಹತ್ತು ಪುಟಕ್ಕೊಂದು ನಕ್ಷತ್ರ” ಎಂದೆ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ, “ಹಾಗಾದ್ರೆ ಮಿಕ್ಕ ಒಂಬತ್ತು ಪುಟದ ಗತಿ ಏನ್ರೀ?” ಎಂದು ಕೇಳಿ ಒಳಗೆ ಹೋದಳು.

ಮರುದಿನ ಕೃತಜ್ಞತೆ ಸಲ್ಲಿಸಲು ಅಂಗಡಿಗೆ ಹೋದೆ.

“ಅಕ್ಕಾ, ಆ ನದಿಯ ಪುಟ ನಿಮಗೆ ಅಷ್ಟೊಂದು ಹಿಡಿಸ್ತಾ?”

“ಯಾವ ನದಿ ಸಾರ್?”

“ಮೂರು ನಕ್ಷತ್ರ ಹಾಕಿದ್ದೀರಲ್ಲ!”

“ಓ, ಅದಾ! ಆಕಳಿಕೆ ಬಂದ್ರೆ ಕಣ್ಣು ಮುಚ್ಚುತ್ತೆ, ಸಾಲು ತಪ್ಪಿಹೋಗುತ್ತೆ. ಅದಕ್ಕೇ ಒಂದು ಗುರುತು ಹಾಕ್ಕೋತೀನಿ. ಅಲ್ಲಿ ಮೂರು ಸಲ ಬಂತು.”

ಊರಿನ ಸಾಹಿತಿಗಳೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ಟೈಪಿಂಗ್ ಅಕ್ಕ ಎಂದೇ. ಗಡಿಯಾರ ರಿಪೇರಿಯವನಿಗೂ ಕನ್ನಡಕದಂಗಡಿಗೂ ನಡುವೆ, ಮಹಡಿ ಮೆಟ್ಟಿಲಿನ ಕೆಳಗೆ ಸಿಕ್ಕಿಕೊಂಡಂತಿದ್ದ ಆ ಅಂಗಡಿಯಲ್ಲಿ ಎರಡು ಮೇಜು, ಒಂದು ಕಂಪ್ಯೂಟರು, ಮುನಿಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡ ಒಂದು ಜೆರಾಕ್ಸ್ ಯಂತ್ರ. ಮೂವತ್ತು ವರ್ಷ ಆ ಮೇಜುಗಳ ನಡುವೆ ಓರೆಯಾಗಿ ನುಸುಳಿ ನುಸುಳಿ, ವಿಶಾಲವಾದ ರಸ್ತೆಯಲ್ಲಿಯೂ ಆಕೆ ಒಂದು ಭುಜವನ್ನು ಮುಂದೆ ಮಾಡಿಕೊಂಡು ಓರೆಯಾಗಿಯೇ ನಡೆಯುತ್ತಿದ್ದರು. ಮೈಮೇಲೆ ಸದಾ ಕಂದು ಬಣ್ಣದ ಒಂದು ಗಂಡಸರ ಕೋಟು. ನ್ಯಾಯಾಲಯದ ಮುಂದೆ ಕುಳಿತು ಪತ್ರ ಬರೆದುಕೊಡುತ್ತಿದ್ದ ತಂದೆಯದು. ಮೇಜಿಗೆ ಉಜ್ಜಿ ಉಜ್ಜಿ ಅದರ ತೋಳು ನೂಲು ಬಿಟ್ಟಿತ್ತು. ಬೇರೆಯವರು ಓದಿ ಹೇಳುವುದನ್ನು ಕೇಳಿಸಿಕೊಂಡು ಟೈಪ್ ಮಾಡುವ ಅಭ್ಯಾಸದಿಂದಲೋ ಏನೋ, ಆಕೆಯ ಮಾತಿನಲ್ಲಿ ಲೇಖನಚಿಹ್ನೆಗಳೂ ಸೇರಿಕೊಂಡುಬಿಟ್ಟಿದ್ದವು. “ಇವತ್ತು ಆಗಲ್ಲ, ಪೂರ್ಣವಿರಾಮ” ಎಂದರೆ ಮುಗಿಯಿತು. ಅದರ ಮುಂದೆ ಕವಿಪುಂಗವರ ಗೋಗರೆತವೂ ನಡೆಯುತ್ತಿರಲಿಲ್ಲ.

ಇನ್ನೊಂದು ಹಟವಿತ್ತು. ಯಾವ ಕಾದಂಬರಿಯೇ ಬರಲಿ, ಮೊದಲು ಟೈಪ್ ಮಾಡುತ್ತಿದ್ದುದು ಅದರ ಕಡೆಯ ಪುಟವನ್ನು. ನನ್ನದನ್ನೂ ಹಾಗೆಯೇ ತಿರುವಿ ಹಾಕಿದಾಗ, ರಹಸ್ಯವೆಲ್ಲ ಬಯಲಾಗುವುದಲ್ಲ ಎಂದು ನಾನು ಸಂಕಟಪಟ್ಟೆ. “ರಹಸ್ಯ ಇರಲಿ ಸಾರ್, ಮುಗಿಸಿದ್ದೀರೋ ಇಲ್ವೋ ನೋಡ್ಕೋಬೇಡ್ವಾ? ಅರ್ಧ ಬರ್ದು ತಂದುಕೊಟ್ಟು ಮಾಯವಾದೋರು ಹದಿನಾಲ್ಕು ಜನ ಇದ್ದಾರೆ” ಎಂದು ಅಟ್ಟದ ಮೇಲಿನ ಧೂಳು ಹಿಡಿದ ಕಟ್ಟುಗಳನ್ನು ತೋರಿಸಿದರು. ನನ್ನದು ಮುಗಿದಿದೆ ಎಂಬುದೇ ಆಕೆಯಿಂದ ನನಗೆ ಸಂದ ಏಕೈಕ ಪ್ರಶಸ್ತಿ.

ಹೀಗಿರುವಾಗ, ನಾನು ಕಾದಂಬರಿಯ ಪ್ರತಿ ಕಳುಹಿಸಿದ್ದ ಒಂದು ದೊಡ್ಡ ಪ್ರಕಾಶನ ಸಂಸ್ಥೆಯಿಂದ, ಅಚ್ಚು ಹಾಕುತ್ತೇವೆಂದು ನನಗೆ ಕಾಗದ ಬಂತು. ಅದರಲ್ಲಿ ನನ್ನನ್ನು ‘ಉದಯೋನ್ಮುಖ ಪ್ರತಿಭೆ’ ಎಂದು ಕರೆದಿದ್ದರು. ನಲವತ್ತೆಂಟನೆಯ ವಯಸ್ಸಿನಲ್ಲಿ, ಮೊಣಕಾಲು ನೋಯುತ್ತಿರುವಾಗ, ಉದಯಿಸುವ ಅವಕಾಶ ಯಾರಿಗುಂಟು! ಜೊತೆಗಿದ್ದ ಕರಾರುಪತ್ರದಲ್ಲಿ ನನ್ನ ಹೆಸರಿದ್ದ ಸಾಲನ್ನು ಹತ್ತು ಸಲ ಓದಿದೆ; ಉಳಿದದ್ದನ್ನು ಓದಲು ಆನಂದಬಾಷ್ಪ ಬಿಡಲಿಲ್ಲ. ಸೋಮವಾರದೊಳಗೆ ಸಹಿ ಹಾಕಿ ಕಳುಹಿಸಬೇಕಿತ್ತು. ನೆಂಟರಿಷ್ಟರಿಗೆ ತೋರಿಸಲು ಒಂದು ಪ್ರತಿ ಇರಲೆಂದು ಶನಿವಾರ ಅಕ್ಕನ ಬಳಿ ಓಡಿದೆ. ಜೆರಾಕ್ಸ್ ಯಂತ್ರ ಎಂದಿನಂತೆ ಮುನಿಸಿಕೊಂಡಿತ್ತು. “ನಾಲ್ಕೇ ಪುಟ ತಾನೆ, ಟೈಪ್ ಮಾಡಿಬಿಡ್ತೀನಿ” ಎಂದು ಕುಳಿತರು.

ಹನ್ನೊಂದನೆಯ ಷರತ್ತಿಗೆ ಬಂದಾಗ ಬೆರಳು ನಿಂತಿತು. ಆಕಳಿಕೆಯೇನೋ ಎಂದುಕೊಂಡೆ, ಅಲ್ಲ. ಆಕೆ ಗಟ್ಟಿಯಾಗಿ ಓದಿದರು: “ಲೇಖಕರು ಮುಂದೆ ಬರೆಯುವ ಎಲ್ಲ ಕೃತಿಗಳ ಹಕ್ಕೂ ಪ್ರಕಾಶಕರಿಗೇ ಸೇರತಕ್ಕದ್ದು, ಅಲ್ಪವಿರಾಮ, ಅವುಗಳನ್ನು ಪ್ರಕಟಿಸುವುದು ಅಥವಾ ಬಿಡುವುದು ಅವರ ಇಚ್ಛೆ, ಪೂರ್ಣವಿರಾಮ.” ಆಮೇಲೆ ನನ್ನತ್ತ ತಿರುಗಿ, “ಮುಂದೆ ಬರೀತೀರಾ ಸಾರ್?” ಎಂದರು.

ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. “ಬರೆಯಬೇಕು ಅಂತ ಇದೆ” ಎಂದೆ, ಕಳ್ಳತನ ಒಪ್ಪಿಕೊಂಡವನ ದನಿಯಲ್ಲಿ.

“ಹಾಗಾದ್ರೆ ಸಹಿ ಹಾಕ್ಬೇಡಿ. ದಪ್ಪ ಕನ್ನಡಕದ ಮೇಷ್ಟ್ರು ಬರ್ತಿದ್ರಲ್ಲ, ಅವರೂ ಇಂಥದ್ದಕ್ಕೇ ಹಾಕಿದ್ರು. ಎರಡನೇದು ಬರ್ದು ಆರು ವರ್ಷ ಆಯ್ತು. ಪ್ರಕಾಶಕರು ತಾವೂ ಅಚ್ಚು ಹಾಕಲ್ಲ, ಇನ್ನೊಬ್ಬರಿಗೂ ಬಿಡಲ್ಲ. ಈಗ ಮೇಷ್ಟ್ರು ಬರೀ ಮದುವೆ ಕಾಗದ ಬರ್ಕೊಡ್ತಾರೆ. ನಿಮ್ಮದು ಇದೊಂದೇ ಅನ್ನೋದಾದ್ರೆ ಹಾಕಿ, ಫ್ರೇಮು ಕಟ್ಟಿಸಿ ಗೋಡೆಗೆ ನೇತುಹಾಕಿ.”

ಎರಡು ರಾತ್ರಿ ನನಗೆ ನಿದ್ದೆಯಿಲ್ಲ. ಉದಯಿಸಬೇಕೋ, ಬರೆಯಬೇಕೋ? ಆ ಷರತ್ತನ್ನು ತೆಗೆಯಿರಿ ಎಂದು ಸೋಮವಾರ ಕಾಗದ ಬರೆದೆ. ಸಂಸ್ಥೆ ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಅಕ್ಕನೇ ವಿಳಾಸ ಬರೆದುಕೊಟ್ಟರು: ವರ್ಷಕ್ಕೆ ಮೂರೇ ಪುಸ್ತಕ ತರುವ, ಸಹಿ ಹಾಕುವ ಮೊದಲು ಕರಾರನ್ನು ತಾವೇ ಓದಿ ಹೇಳುವ ಒಬ್ಬ ಸಣ್ಣ ಪ್ರಕಾಶಕರದು. ಅವರು ನನ್ನಿಂದ ಮೂವತ್ತು ಪುಟ ಕಿತ್ತುಹಾಕಿಸಿದರು. ಹೆಚ್ಚುಕಡಿಮೆ ಎಲ್ಲವೂ ನಕ್ಷತ್ರವಿದ್ದ ಪುಟಗಳೇ.

ಬರೆಯುವವರ ಬೆನ್ನಿಗೆ ಇಂಥ ಕೆಲವರು ಎಲ್ಲ ಊರಿನಲ್ಲಿಯೂ ಇರುತ್ತಾರೆ. ಅವರು ಹೊಗಳುವುದಿಲ್ಲ, ಹಾರ ಹಾಕಿಸಿಕೊಳ್ಳುವುದಿಲ್ಲ. ಮುನ್ನುಡಿಯ ಕೊನೆಯ ಸಾಲಿನಲ್ಲಿಯೂ ಅವರಿಗೆ ಜಾಗ ಸಿಗುವುದು ಅಪರೂಪ. ಆದರೆ ನಾವು ನಮ್ಮ ಹೆಸರನ್ನಷ್ಟೇ ಓದಿಕೊಂಡು ಮೈಮರೆತಿರುವಾಗ, ಅವರು ನಮಗಾಗಿ ಒಂದೊಂದು ಅಕ್ಷರವನ್ನೂ ದಾಟಿ ಬಂದಿರುತ್ತಾರೆ. ನಾನು ಇವತ್ತಿಗೂ ಲೇಖಕನೆನಿಸಿಕೊಂಡಿದ್ದರೆ ಅದು ಅಂಥ ಒಬ್ಬರ ಬೆರಳು ಸರಿಯಾದ ಸಾಲಿನಲ್ಲಿ ನಿಂತಿದ್ದರಿಂದ.

ಪುಸ್ತಕದ ಮೊದಲ ಪ್ರತಿಯನ್ನು ಆಕೆಗೇ ಕೊಟ್ಟೆ. ಕೊಟ್ಟವನು ಸುಮ್ಮನೆ ಬರಬಹುದಿತ್ತು. ಬಾಯಿ ಸುಮ್ಮನಿರಲಿಲ್ಲ.

“ನಿಜ ಹೇಳಿ ಅಕ್ಕಾ, ಆ ದೊಡ್ಡವರಿಗೇ ಕೊಟ್ಟಿದ್ರೆ ಇಷ್ಟು ಹೊತ್ತಿಗೆ ನಾನು ಹೆಸರುವಾಸಿ ಆಗಿಬಿಡ್ತಿದ್ನೇನೋ, ಅಲ್ವಾ?”

“ಆಗ್ತಿದ್ರೇನೋ. ಆದ್ರೆ ಎರಡನೇದಕ್ಕೆ ಅವರ ಅಪ್ಪಣೆ ಕೇಳ್ಬೇಕಿತ್ತು. ಈಗ ಯಾರನ್ನೂ ಕೇಳ್ಬೇಕಾಗಿಲ್ಲ. ಬರ್ದಿದ್ದೀರಾ, ಇಲ್ಲಾ ಹೆಸರುವಾಸಿ ಆಗೋಕೇ ಕಾಯ್ತಾ ಕೂತಿದ್ದೀರಾ?”