ಫೋನಿನಲ್ಲಿ ಮುಗಿದ ಸಭೆ

ಬಸ್ ನಿಲ್ದಾಣದ ಎದುರಿನ ಆ ಖಾಲಿ ಮಳಿಗೆಯ ಮುಂದೆ ಹಾದುಹೋಗುವಾಗಲೆಲ್ಲ ದರ್ಜಿ ಅಕ್ಕನ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. ಗಾಜಿಗೆ ಹಣೆ ಆನಿಸಿ ಒಳಗೆ ನೋಡುವಳು. ಬಟ್ಟೆ ಕತ್ತರಿಸುವ ಮೇಜು ಅಲ್ಲಿಡಬೇಕು, ಹೊಲಿಗೆ ಯಂತ್ರ ಕಿಟಕಿಯ ಬೆಳಕಿಗೆ. ಅಡುಗೆಮನೆಯ ಮೂಲೆಯಲ್ಲಿ ಕೂತು, ಗಿರಾಕಿಗಳ ಹೊಸ ಬಟ್ಟೆಗೂ ಅಡುಗೆಯ ವಾಸನೆ ಅಂಟಿಸಿ ಕೊಟ್ಟು ಅವಳಿಗೆ ಸಾಕಾಗಿಹೋಗಿತ್ತು. ಆ ಮಳಿಗೆಗಾಗಿ ಜೀವ ಹಾತೊರೆಯುತ್ತಿತ್ತು.

ಪತ್ತಿನ ಸಹಕಾರ ಸಂಘದಲ್ಲಿ ಅದಕ್ಕಾಗಿ ಅವಳ ಸಾಲ ಮಂಜೂರಾಗಿತ್ತು. ಹಣ ಕೈಗೆ ಬರುವುದಷ್ಟೇ ಬಾಕಿ. ಅವಳೂ ಅಲ್ಲಿ ನಿರ್ದೇಶಕಿ. ನಿರ್ದೇಶಕರೆಲ್ಲ ಕೂತು ಸಾಲ ತೀರ್ಮಾನಿಸಬೇಕೆಂಬುದು ನಿಯಮ. ಕೂರುವ ಪುರುಸೊತ್ತು ಯಾರಿಗಿತ್ತು? ಕಾರ್ಯದರ್ಶಿ ಫೋನ್ ಮಾಡಿ “ಒಪ್ಪಿಗೆ ತಾನೆ ಅಕ್ಕಾ?” ಎನ್ನುವನು. ಇವಳು ಯಂತ್ರ ತುಳಿಯುತ್ತಲೇ “ಹೂಂ” ಎನ್ನುವಳು. ಸಭೆ ಮುಗಿಯಿತು, ಚಹಾದ ಖರ್ಚೂ ಉಳಿಯಿತು.

ಈ ಸಲ ಸಹಕಾರ ಇಲಾಖೆಯಿಂದ ತಪಾಸಣೆಗೆ ಬಂದ ಇನ್‌ಸ್ಪೆಕ್ಟರಮ್ಮ ನಿರ್ದೇಶಕರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಯತೊಡಗಿದರು. ಕಾರ್ಯದರ್ಶಿಯ ಮುಖ ಬಿಳಿಚಿಕೊಂಡಿತು.

“ಸಭೆ ಕೂತಿದ್ವಿ ಅಂದುಬಿಡಿ ಅಕ್ಕಾ,” ಎಂದ ವರಾಂಡದಲ್ಲಿ. “ನಾನೇನೂ ಜೇಬಿಗಿಳಿಸಿಲ್ಲ. ಕಷ್ಟ ಅಂತ ಬಂದ ನಮ್ಮವರಿಗೇ ಕೊಟ್ಟಿದ್ದು. ಕೆಲವರು ತೀರಿಸದೆ ಕೈಯೆತ್ತಿದ್ದಾರೆ, ನಿಜ. ಆದ್ರೆ ನೀವು ಇಲ್ಲ ಅಂದ್ರೆ ಹೊಸ ಸಾಲವೆಲ್ಲ ತಡೀತಾರೆ. ನಿಮ್ಮ ಮಳಿಗೆನೂ ಹೋಗುತ್ತೆ.”

ದರ್ಜಿ ಅಕ್ಕ ಅವನಿಂದ ಮುಖ ತಿರುಗಿಸಿದಳು. ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಜ್ಜಿ ಪಕ್ಕದ ಬೆಂಚಿನಲ್ಲಿ ಸೆರಗಿನ ಗಂಟು ಹಿಡಿದು ಕೂತಿದ್ದಳು.

“ದುಡ್ಡು ತೆಗೀಬೇಕಾ ಅಜ್ಜಿ?”

“ಇಲ್ಲಮ್ಮ, ಹಾಕೋಕೆ ಬಂದೆ. ಮನೇಲಿಟ್ರೆ ಮಗ ಉಳಿಸಲ್ಲ. ಇಲ್ಲಿ ಸರ್ಕಾರದವರು ಬಂದು ನೋಡ್ತಾರೆ, ನೀವೆಲ್ಲ ಕೂತು ಯೋಚನೆ ಮಾಡಿ ಸಾಲ ಕೊಡ್ತೀರಿ. ನಂಗೆ ನಿಶ್ಚಿಂತೆ.”

ದರ್ಜಿ ಅಕ್ಕನಿಗೆ ಮುಖ ಎತ್ತಲಾಗಲಿಲ್ಲ.

ಒಳಗೆ ಇನ್‌ಸ್ಪೆಕ್ಟರಮ್ಮ ಕುರ್ಚಿ ತೋರಿಸಿದರು. “ಈ ವರ್ಷದ ಸಾಲಗಳನ್ನ ನೀವೆಲ್ಲ ಸಭೆ ಸೇರಿ ಮಂಜೂರು ಮಾಡಿದ್ರಾ?”

ಹೂಂ ಎಂಬ ಒಂದು ಮಾತು ಸಾಕಿತ್ತು, ಮಳಿಗೆ ಅವಳದಾಗುತ್ತಿತ್ತು.

“ಸೇರಿಲ್ಲ ಮೇಡಂ. ಫೋನಲ್ಲೇ ಹೂಂ ಅಂದ್ವಿ. ಸಾಲ ತಗೊಂಡೋರು ತೀರಿಸ್ತಾರಾ ಅಂತ ನಾನೂ ಕೇಳ್ಲಿಲ್ಲ.”

ಇನ್‌ಸ್ಪೆಕ್ಟರಮ್ಮ ಪೆನ್ನು ಕೈಗೆತ್ತಿಕೊಂಡರು. “ಹಾಗೆ ಕೊಟ್ಟ ಸಾಲಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕಾಗುತ್ತೆ. ಅಲ್ಲೀವರೆಗೆ ಯಾರಿಗೂ ಹಣ ಕೊಡೋ ಹಾಗಿಲ್ಲ. ಯಾವ್ಯಾವುದು, ಹೇಳ್ತೀರಾ?”

“ಮೊದಲು ನನ್ನದೇ ಬರ್ಕೊಳ್ಳಿ,” ಎಂದಳು ದರ್ಜಿ ಅಕ್ಕ. “ಅದಕ್ಕೂ ಯಾರೂ ಕೂತಿರಲಿಲ್ಲ.”